ಫಿಸಿಕ್ಸ್ ಕ್ಲಾಸ್ ರದ್ದಾದ ಮೇಲೆ: ಮಗಳ ಯುಸಿ ಅರ್ಜಿ, ಒಂದು ಪತ್ರ, ಮತ್ತೆ ಮಾರ್ಚ್ ತನಕ ಕಾದದ್ದು

ಚಳಿಗಾಲದ ರಜೆ ಮುಗಿದು ಶಾಲೆ ಶುರುವಾದ ದಿನ ಮಗಳು ಬ್ಯಾಗನ್ನು ಸೋಫಾದ ಮೇಲೆ ಎಸೆದು, "ಅಮ್ಮಾ, ಇನ್ನು ಫಿಸಿಕ್ಸ್ ಕ್ಲಾಸೇ ಇಲ್ಲ. ಟೀಚರ್ ಬಿಟ್ಟು ಹೋದ್ರಂತೆ" ಅಂದಳು. 2024ರ ಜನವರಿ ಅದು. ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಅವಳಾಗ ಹನ್ನೆರಡನೇ ತರಗತಿ, ಇಲ್ಲಿಯವರ ಬಾಯಲ್ಲಿ ಸೀನಿಯರ್ ಇಯರ್. ಕಾಲೇಜುಗಳಿಗೆ ಅರ್ಜಿ ಹಾಕಿ ಮುಗಿದಿತ್ತು. ಉತ್ತರಕ್ಕೆ ಕಾಯುವುದಷ್ಟೇ ಬಾಕಿ ಅಂತ ಮನೆಮಂದಿಯೆಲ್ಲ ಸ್ವಲ್ಪ ನಿರಾಳವಾಗಿದ್ದೆವು.

ರದ್ದಾಗಿದ್ದು ಎಪಿ ಫಿಸಿಕ್ಸ್ ಸಿ (ಎಪಿ ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು). ಹೈಸ್ಕೂಲಿನಲ್ಲಿ ಸಿಗುವ ಫಿಸಿಕ್ಸ್‌ಗಳಲ್ಲೆಲ್ಲ ಕಷ್ಟದ್ದು, ಕ್ಯಾಲ್ಕುಲಸ್ ಬಳಸಿ ಕಲಿಸುವಂಥದ್ದು. ಅವಳ ಶಾಲೆಯಲ್ಲಿ ಮೊದಲ ಸೆಮಿಸ್ಟರ್ ಮೆಕ್ಯಾನಿಕ್ಸ್, ಎರಡನೆಯದರಲ್ಲಿ ಎಲೆಕ್ಟ್ರಿಸಿಟಿ ಮತ್ತು ಮ್ಯಾಗ್ನೆಟಿಸಮ್. ಮೊದಲರ್ಧ ಚೆನ್ನಾಗಿಯೇ ಮುಗಿಸಿದ್ದಳು. ಎರಡನೆಯದಕ್ಕೆ ಶಾಲೆಗೆ ಟೀಚರ್ ಸಿಗಲಿಲ್ಲ, ಕ್ಲಾಸ್ ಮುಚ್ಚಿದರು. ಇವಳು ಅರ್ಜಿ ಹಾಕಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗಿಗೆ. ಅರ್ಜಿಯಲ್ಲಿ ಎರಡೂ ಸೆಮಿಸ್ಟರಿಗೆ ಫಿಸಿಕ್ಸ್ ಅಂತ ಬರೆದಾಗಿತ್ತು.

ಊರಿನಲ್ಲಿ ಓದಿದವರಿಗೆ ಇದು ಯಾಕೆ ಅಷ್ಟು ದೊಡ್ಡ ವಿಷಯ ಅಂತ ತಟ್ಟನೆ ಹೊಳೆಯಲಿಕ್ಕಿಲ್ಲ. ನಾನು ತೊಂಬತ್ತರ ದಶಕದಲ್ಲಿ ಸಿಇಟಿ ಬರೆದವಳು. ರ‍್ಯಾಂಕ್ ಬಂತು, ಕೌನ್ಸೆಲಿಂಗಿಗೆ ಅಪ್ಪನ ಜೊತೆ ಬೆಂಗಳೂರಿಗೆ ಹೋದೆ, ಯಾವ ಕಾಲೇಜಿನಲ್ಲಿ ಎಷ್ಟು ಸೀಟು ಉಳಿದಿದೆ ಅನ್ನುವುದು ಕಣ್ಣೆದುರಿಗೇ ಇತ್ತು, ಆರಿಸಿಕೊಂಡು ಸಂಜೆಯ ಬಸ್ಸಿಗೆ ವಾಪಸ್ ಬಂದೆವು. ನನ್ನ ಮುಂದೆ ಎಷ್ಟು ಜನ ಇದ್ದಾರೆ ಅನ್ನುವುದು ನನಗೆ ಗೊತ್ತಿತ್ತು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಎಲ್ಲರೂ ಯುಸಿ ಅನ್ನುವ ಸಂಸ್ಥೆಯಲ್ಲಿ, ಆ ಥರದ ರ‍್ಯಾಂಕೇ ಇಲ್ಲ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ, ಅರ್ವೈನ್, ಡೇವಿಸ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್, ರಿವರ್‌ಸೈಡ್, ಮರ್ಸೆಡ್ ಅಂತ ಪದವಿ ತರಗತಿಗಳಿರುವ ಒಂಬತ್ತು ಕ್ಯಾಂಪಸ್. ಅರ್ಜಿ ಒಂದೇ, ಆದರೆ ಒಂದೊಂದು ಕ್ಯಾಂಪಸ್ಸಿಗೂ ಶುಲ್ಕ ಬೇರೆ ಬೇರೆ ಕಟ್ಟಬೇಕು (ಆ ವರ್ಷ 80 ಡಾಲರ್ ಇತ್ತು), ಒಂದೊಂದು ಕ್ಯಾಂಪಸ್ಸೂ ತನ್ನ ತೀರ್ಮಾನ ತಾನೇ ಮಾಡುತ್ತದೆ. ಎಸ್‌ಎಟಿ ಅನ್ನುವ ಪ್ರವೇಶ ಪರೀಕ್ಷೆಯ ಅಂಕವನ್ನು ಯುಸಿ ನೋಡುವುದೇ ಇಲ್ಲ, 2020ರಲ್ಲಿ ಅವರ ಆಡಳಿತ ಮಂಡಳಿ ಹಾಗೆ ತೀರ್ಮಾನ ಮಾಡಿತು. ಇನ್ನು ಉಳಿಯುವುದು ಶಾಲೆಯಲ್ಲಿ ಯಾವ ವಿಷಯ ಓದಿದರು, ಯಾವ ಗ್ರೇಡ್ ಬಂತು, ಏನೇನು ಮಾಡಿದರು, ಮತ್ತೆ ಎಂಟು ಪ್ರಶ್ನೆಗಳಲ್ಲಿ ನಾಲ್ಕನ್ನು ಆರಿಸಿ ತಲಾ 350 ಪದಗಳೊಳಗೆ ಬರೆಯುವ ಉತ್ತರ.

ನನಗೆ ಬಹಳ ಆಶ್ಚರ್ಯ ಆಗಿದ್ದು ಇನ್ನೊಂದು ಸಂಗತಿ. ಅರ್ಜಿಯ ಜೊತೆ ಮಾರ್ಕ್ಸ್ ಕಾರ್ಡ್ ಕಳಿಸುವ ಹಾಗಿಲ್ಲ. ಒಂಬತ್ತನೇ ತರಗತಿಯಿಂದ ಹಿಡಿದು ಪ್ರತಿ ವಿಷಯ, ಪ್ರತಿ ಸೆಮಿಸ್ಟರಿನ ಗ್ರೇಡನ್ನು ಮಕ್ಕಳೇ ಕೂತು ಟೈಪ್ ಮಾಡಬೇಕು. ಹನ್ನೆರಡನೇ ತರಗತಿಯದಕ್ಕೆ ಗ್ರೇಡ್ ಇನ್ನೂ ಬಂದಿರುವುದಿಲ್ಲ, ನವೆಂಬರ್ 30ಕ್ಕೇ ಅರ್ಜಿ ಮುಗಿಯುತ್ತದಲ್ಲ. ಹಾಗಾಗಿ ಈಗ ಓದುತ್ತಿರುವುದು, ಮುಂದೆ ಓದಲಿರುವುದು ಅಂತ ವಿಷಯಗಳ ಹೆಸರಷ್ಟೇ ಇರುತ್ತವೆ. ಓದುವವರು ಅದನ್ನು ನಂಬಿಕೊಂಡು ಓದುತ್ತಾರೆ. ಮಗು ಬರೆದದ್ದು ನಿಜವೋ ಅಲ್ಲವೋ ಅಂತ ತಾಳೆ ನೋಡುವುದು ಸೀಟು ಕೊಟ್ಟ ಮೇಲೆ, ಜುಲೈ 1ರೊಳಗೆ ಶಾಲೆಯಿಂದ ಕೊನೆಯ ಅಧಿಕೃತ ಮಾರ್ಕ್ಸ್ ಕಾರ್ಡ್, ಅಂದರೆ ಟ್ರಾನ್ಸ್‌ಕ್ರಿಪ್ಟ್ ಬಂದಾಗ.

ಯುಸಿಯ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿಯ, ಲೆಕ್ಕಕ್ಕೆ ಬರುವುದು ಹತ್ತು ಮತ್ತು ಹನ್ನೊಂದನೇ ತರಗತಿಯ ಗ್ರೇಡುಗಳು. ಹಾಗಂತ ಹನ್ನೆರಡನೆಯದನ್ನು ಕಡೆಗಣಿಸುವ ಹಾಗಿಲ್ಲ. ಅರ್ಜಿ ತೂಗುವಾಗ ನೋಡುವ 13 ಅಂಶಗಳಲ್ಲಿ ಆ ವರ್ಷ ಎಂಥ ವಿಷಯಗಳನ್ನು, ಎಷ್ಟು ವಿಷಯಗಳನ್ನು ತೆಗೆದುಕೊಂಡಿದ್ದಾರೆ ಅನ್ನುವುದೂ ಒಂದು. ಎಂಜಿನಿಯರಿಂಗ್ ಬೇಕು ಅನ್ನುವ ಹುಡುಗಿಯ ಪಟ್ಟಿಯಿಂದ ಫಿಸಿಕ್ಸ್ ಮಾಯವಾದರೆ ಓದುವವರಿಗೆ ಏನನ್ನಿಸುತ್ತದೆ? ಅವಳ ಹೆದರಿಕೆ ಅದು. ಆ ರಾತ್ರಿ ಊಟಕ್ಕೆ ಬಂದು ಕೂತವಳು ಅನ್ನ ಕಲಸುತ್ತಲೇ ಇದ್ದಳು, ಬಾಯಿಗೆ ಹೋಗಲಿಲ್ಲ.

ಮರುದಿನದಿಂದ ಸಲಹೆಗಳು ಶುರುವಾದವು. ನಮ್ಮ ಕಡೆಯ ತಾಯಂದಿರ ವಾಟ್ಸಾಪ್ ಗುಂಪಿನಲ್ಲಿ ವಿಷಯ ಹೇಳಿಕೊಂಡೆ. ಒಬ್ಬರು, "ಸುಮ್ನಿದ್ಬಿಡಿ ರೀ, ಅವ್ರೇನು ಕೇಳಿದ್ರಾ? ಸೀಟು ಬಂದ್ಮೇಲೆ ಹೇಳಿದ್ರಾಯ್ತು" ಅಂದರು. ಇನ್ನೊಬ್ಬರು, "ಹೇಳಿದ್ರೆ ಅವಳ ಫೈಲ್ ಪಕ್ಕಕ್ಕೆ ಇಟ್ಬಿಡ್ತಾರೆ" ಅಂದರು. ಯಾರೂ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಎಲ್ಲರ ಮನೆಯಲ್ಲೂ ಅದೇ ವಯಸ್ಸಿನ ಮಕ್ಕಳು, ಎಲ್ಲರಿಗೂ ಅದೇ ಭಯ. ಆದರೂ ಆ ಮಾತನ್ನು ನಾನು ಒಪ್ಪಲಾರೆ, ಇವತ್ತಿಗೂ. ಅರ್ಜಿ ಕಳಿಸುವಾಗ ಇದರಲ್ಲಿರುವುದೆಲ್ಲ ನಿಜ ಅಂತ ಮಗುವೇ ಒಪ್ಪಿ ಕಳಿಸಿರುತ್ತದೆ. ವಿಷಯ ಬಿಟ್ಟರೆ, ಹೊಸದು ಸೇರಿಸಿದರೆ, ಶಾಲೆ ಬದಲಾಯಿಸಿದರೆ, ಡಿ ಅಥವಾ ಎಫ್ ಬಂದರೆ ತಿಳಿಸುವುದು ಅರ್ಜಿದಾರರ ಜವಾಬ್ದಾರಿ ಅಂತ ಯುಸಿ ಸ್ಪಷ್ಟವಾಗಿಯೇ ಹೇಳಿದೆ. ಕೇಳಿದಾಗ ಹೇಳೋಣ ಅನ್ನುವ ಮಾತಿಗೆ ಅಲ್ಲಿ ಜಾಗವೇ ಇಲ್ಲ.

ನನ್ನ ಗಂಡನಿಗೆ 2017ರ ಸುದ್ದಿ ನೆನಪಿತ್ತು. ಆ ವರ್ಷ ಬೇಸಿಗೆಯಲ್ಲಿ ಯುಸಿ ಅರ್ವೈನ್ ಸುಮಾರು 500 ಮಕ್ಕಳಿಗೆ ಕೊಟ್ಟ ಸೀಟನ್ನು ವಾಪಸ್ ತೆಗೆದುಕೊಂಡಿತ್ತು. ಕೆಲವರದು ಹನ್ನೆರಡನೇ ತರಗತಿಯ ಗ್ರೇಡ್ ಬಿದ್ದಿತ್ತು, ಬಹಳಷ್ಟು ಜನರದು ಟ್ರಾನ್ಸ್‌ಕ್ರಿಪ್ಟ್ ಸಮಯಕ್ಕೆ ಸರಿಯಾಗಿ ಬಂದಿರಲಿಲ್ಲ. ದೊಡ್ಡ ಗಲಾಟೆಯಾಗಿ, ಚಾನ್ಸಲರ್ ಕ್ಷಮೆ ಕೇಳಿ, ಹೆಚ್ಚಿನವರಿಗೆ ಸೀಟು ವಾಪಸ್ ಸಿಕ್ಕಿತು. ಆದರೆ ಬೇರೆ ಕಾಲೇಜುಗಳನ್ನೆಲ್ಲ ಬೇಡ ಅಂದು ಇದೊಂದನ್ನೇ ನಂಬಿ ಕೂತಿದ್ದ ಮಕ್ಕಳ ಆ ಕೆಲವು ವಾರ ಹೇಗಿದ್ದಿರಬಹುದು! "ಜುಲೈನಲ್ಲಿ ಗೊತ್ತಾಗೋ ಬದ್ಲು ಜನವರೀಲೇ ಗೊತ್ತಾಗ್ಲಿ" ಅಂದರು ಇವರು. ಮಗಳು ತಲೆಯಾಡಿಸಿದಳು. ಅವಳಿಗೂ ಮುಚ್ಚಿಡುವುದು ಇಷ್ಟವಿರಲಿಲ್ಲ. ದೊಡ್ಡವರು ಯಾರಾದರೂ ಅದನ್ನು ಬಾಯಿಬಿಟ್ಟು ಹೇಳಬೇಕಿತ್ತು, ಅಷ್ಟೇ.

ಮೊದಲು ಖಾಲಿಯಾದ ಜಾಗಕ್ಕೆ ಏನಾದರೂ ತುಂಬಬೇಕಿತ್ತು. ಶಾಲೆಯ ಕೌನ್ಸೆಲರ್ ಬಹಳ ಒಳ್ಳೆಯ ಹೆಂಗಸು, ನೂರಾರು ಮಕ್ಕಳ ಹೊಣೆ ಹೊತ್ತಿದ್ದರೂ ಇವಳನ್ನು ಕೂರಿಸಿಕೊಂಡು ಸಮಾಧಾನದಿಂದ ಮಾತಾಡಿದರು. ವರ್ಷಪೂರ್ತಿ ನಡೆಯುವ ಎಪಿ ತರಗತಿಗೆ ಅರ್ಧದಲ್ಲಿ ಸೇರುವುದು ಕಷ್ಟ. ಅವರೇ ಕಮ್ಯುನಿಟಿ ಕಾಲೇಜಿನ, ಅಂದರೆ ಎರಡು ವರ್ಷದ ಸ್ಥಳೀಯ ಸರ್ಕಾರಿ ಕಾಲೇಜಿನ, ದಾರಿ ತೋರಿಸಿದರು. ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲ್ ಮಕ್ಕಳು ಶಾಲೆಯ ಜೊತೆಗೇ ಕಮ್ಯುನಿಟಿ ಕಾಲೇಜಿನಲ್ಲಿ ಒಂದೆರಡು ವಿಷಯ ಓದಬಹುದು, ಬೋಧನಾ ಶುಲ್ಕ ಇರುವುದಿಲ್ಲ. ಫ್ರೀಮಾಂಟ್‌ನಲ್ಲೇ ಓಲೋನಿ ಕಾಲೇಜ್ ಇದೆ. ಅಲ್ಲಿ ಸ್ಟ್ಯಾಟಿಸ್ಟಿಕ್ಸ್ ತೆಗೆದುಕೊಳ್ಳುವುದು ಅಂತಾಯಿತು. ಇನ್ನೊಂದು ಅನುಕೂಲವೂ ಇದೆ: ಯುಸಿ ಒಪ್ಪುವ ಕಾಲೇಜಿನ ಒಂದು ಸೆಮಿಸ್ಟರ್ ಕೋರ್ಸು, ಹೈಸ್ಕೂಲಿನ ಒಂದು ವರ್ಷದ ಕೋರ್ಸಿಗೆ ಸಮ. ಕೌನ್ಸೆಲರ್ ಸಹಿ, ನಮ್ಮ ಸಹಿ, ಫಾರಂ, ಓಡಾಟ ಎಲ್ಲ ಆಗಿ ಸೀಟು ಸಿಕ್ಕಿತು. ಫಿಸಿಕ್ಸಿಗೆ ಫಿಸಿಕ್ಸೇ ಸಿಗಲಿಲ್ಲ ಅನ್ನುವ ಕೊರಗು ಅವಳಿಗೆ ಉಳಿಯಿತು. ಗಣಿತದ್ದೇ ಒಂದು ವಿಷಯ ಸಿಕ್ಕಿತಲ್ಲ ಅಂತ ನಾನು ಸಮಾಧಾನ ಮಾಡಿಕೊಂಡೆ.

ಆಮೇಲೆ ಪತ್ರ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಮಕ್ಕಳು ಕಂಗಾಲಾಗುವುದು ಇಲ್ಲೇ.

ಅವಳು ಮೊದಲು ಬರೆದದ್ದು ಒಂದೂವರೆ ಪುಟ. ಚಿಕ್ಕಂದಿನಿಂದ ಫಿಸಿಕ್ಸ್ ಅಂದರೆ ಎಷ್ಟು ಪ್ರೀತಿ, ಟೀಚರ್ ಹೋದದ್ದು ಎಷ್ಟು ನೋವಾಯಿತು, ದಯವಿಟ್ಟು ನನ್ನ ಅರ್ಜಿಯನ್ನು ಕೈಬಿಡಬೇಡಿ ಅಂತೆಲ್ಲ. ಓದುತ್ತಾ ನನ್ನ ಕಣ್ಣು ತುಂಬಿತು. ಕೌನ್ಸೆಲರ್‌ಗೆ ತೋರಿಸಿದಾಗ ಅವರು ನಕ್ಕು, "ನೀನು ಯಾವ ತಪ್ಪೂ ಮಾಡಿಲ್ಲ, ಕ್ಷಮೆ ಯಾಕೆ ಕೇಳ್ತೀಯ? ಏನು ಬದಲಾಯಿತು, ಯಾಕೆ ಬದಲಾಯಿತು, ಈಗ ಏನು ಓದ್ತಿದ್ದೀಯ, ಅಷ್ಟು ಬರಿ" ಅಂದರಂತೆ. ಕೊನೆಗೆ ಹೋದದ್ದು ಹೆಚ್ಚುಕಮ್ಮಿ ಹೀಗಿತ್ತು:

"ನನ್ನ ಅರ್ಜಿಯಲ್ಲಿ ಹನ್ನೆರಡನೇ ತರಗತಿಯ ಎರಡೂ ಸೆಮಿಸ್ಟರಿಗೆ ಎಪಿ ಫಿಸಿಕ್ಸ್ ಸಿ ಎಂದು ನಮೂದಿಸಿದ್ದೆ. ಮೊದಲ ಸೆಮಿಸ್ಟರ್ ಪೂರ್ಣಗೊಳಿಸಿದ್ದೇನೆ. ಶಿಕ್ಷಕರಿಲ್ಲದ ಕಾರಣ ಶಾಲೆಯು ಎರಡನೇ ಸೆಮಿಸ್ಟರಿನ ತರಗತಿಯನ್ನು ರದ್ದುಮಾಡಿದೆ. ಅದರ ಬದಲು ಓಲೋನಿ ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಕೋರ್ಸಿಗೆ ಸೇರಿದ್ದೇನೆ. ಉಳಿದ ವಿಷಯಗಳಲ್ಲಿ ಬದಲಾವಣೆ ಇಲ್ಲ."

ಮೇಲೆ ಹೆಸರು, ಹುಟ್ಟಿದ ದಿನ, ಶಾಲೆಯ ಹೆಸರು, ಯುಸಿ ಅರ್ಜಿಯ ಸಂಖ್ಯೆ. ಅಷ್ಟೇ. ಆ ಸಂಖ್ಯೆ ಬಹಳ ಮುಖ್ಯ, ಲಕ್ಷಾಂತರ ಅರ್ಜಿಗಳ ನಡುವೆ ಪತ್ರ ಸರಿಯಾದ ಫೈಲಿಗೆ ಹೋಗಿ ಸೇರುವುದು ಅದರಿಂದಲೇ. ಅರ್ಜಿ ಹಾಕಿದ ಮೇಲೆ ಒಂದೊಂದು ಕ್ಯಾಂಪಸ್ಸೂ ತನ್ನದೇ ಪೋರ್ಟಲ್ ಕೊಟ್ಟಿರುತ್ತದೆ. ಅವಳು ಒಂದೊಂದನ್ನೇ ತೆರೆದು ನೋಡಿದಳು. ಕೆಲವು ಕಡೆ ವಿಷಯ ಬದಲಾವಣೆ ತಿಳಿಸಲಿಕ್ಕೆಂದೇ ಫಾರಂ ಇತ್ತು, ಕೆಲವು ಕಡೆ ಇಮೇಲ್ ಮಾಡಬೇಕಿತ್ತು. ಕಳಿಸಿದ್ದಕ್ಕೆಲ್ಲ ಸ್ಕ್ರೀನ್‌ಶಾಟ್ ತೆಗೆದು ಒಂದು ಫೋಲ್ಡರಿನಲ್ಲಿ ಇಟ್ಟಳು. ಬೇರೆ ರಾಜ್ಯದ ಕಾಲೇಜುಗಳಿಗೆ, ಹಲವು ಕಾಲೇಜುಗಳಿಗೆ ಒಂದೇ ಅರ್ಜಿ ಸಾಕಾಗುವ ಕಾಮನ್ ಆ್ಯಪ್ ಮೂಲಕ ಹಾಕಿದ್ದಕ್ಕೆ ದಾರಿ ಬೇರೆ: ಮೊದಲ ಸೆಮಿಸ್ಟರಿನ ಗ್ರೇಡ್ ಬಂದ ಮೇಲೆ ಕೌನ್ಸೆಲರ್ ಕಳಿಸುವ ಮಿಡ್-ಇಯರ್ ರಿಪೋರ್ಟಿನಲ್ಲೇ ಅವರು ಇದನ್ನೂ ಸೇರಿಸಿದರು.

ನಾನು ಬರೆಯಲೂ ಇಲ್ಲ, ಕಳಿಸಲೂ ಇಲ್ಲ. ಪಕ್ಕದಲ್ಲಿ ಕೂತಿದ್ದೆ ಅಷ್ಟೇ. ಅಪ್ಪ-ಅಮ್ಮ ಮಕ್ಕಳ ಹೆಸರಿನಲ್ಲಿ ಅಡ್ಮಿಷನ್ ಆಫೀಸಿಗೆ ಬರೆಯುವುದು, ಫೋನ್ ಮಾಡುವುದು ನಮ್ಮ ಸುತ್ತಮುತ್ತ ನಡೆಯುತ್ತದೆ. ದಯವಿಟ್ಟು ಅದನ್ನು ಮಾಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ಅರ್ಜಿ ಮಗುವಿನದು. ಹದಿನೇಳು ವರ್ಷದ ಹುಡುಗಿ ತನ್ನ ವಿಷಯವನ್ನು ತಾನೇ ನೆಟ್ಟಗೆ ನಾಲ್ಕು ಸಾಲಿನಲ್ಲಿ ಹೇಳಿದ್ದು ಆ ವರ್ಷ ನಾನು ಕಂಡ ಎಷ್ಟೋ ಸರ್ಟಿಫಿಕೇಟುಗಳಿಗಿಂತ ನನಗೆ ಹೆಚ್ಚು ಹೆಮ್ಮೆ ತಂದಿತು.

ಉತ್ತರ? ಒಂದೆರಡು ಕಡೆಯಿಂದ ತಲುಪಿತು ಅನ್ನುವ ಒಂದು ಸಾಲು ಬಂತು. ಉಳಿದವರು ಏನೂ ಹೇಳಲಿಲ್ಲ. ಇದರಿಂದ ನಷ್ಟವಾಯಿತೇ ಇಲ್ಲವೇ ಅಂತ ಯಾರೂ ತಿಳಿಸುವುದಿಲ್ಲ, ತಿಳಿಸುವ ಪದ್ಧತಿಯೂ ಇಲ್ಲ.

ಫೆಬ್ರವರಿ ತುಂಬ ಉದ್ದದ ತಿಂಗಳು. ಅಧಿವರ್ಷ ಬೇರೆ, ಒಂದು ದಿನ ಜಾಸ್ತಿ. ಬೆಳಿಗ್ಗೆ ಎದ್ದ ಕೂಡಲೇ ಪೋರ್ಟಲ್, ಶಾಲೆಯಿಂದ ಬಂದ ಕೂಡಲೇ ಪೋರ್ಟಲ್. ಯಾರಿಗೋ ಇಲಿನಾಯ್ ಸಿಕ್ಕಿತಂತೆ, ಯಾರಿಗೋ ಪರ್ಡ್ಯೂ ಬಂತಂತೆ. ಹಾಸನದಿಂದ ಅತ್ತೆ ಪ್ರತಿ ಭಾನುವಾರ ವಿಡಿಯೋ ಕಾಲ್ ಮಾಡಿ, "ಪುಟ್ಟಿ, ಸೀಟಾಯ್ತಾ?" ಅಂತ ಕೇಳುವರು. "ಮಾರ್ಚ್‌ನಲ್ಲಿ ಅಜ್ಜಿ" ಅಂತ ಹೇಳಿ ಹೇಳಿ ಸಾಕಾಗಿ, ಒಂದು ಭಾನುವಾರ ಅವಳು ಕೋಣೆಯಿಂದ ಹೊರಗೇ ಬರಲಿಲ್ಲ. ಆಮೇಲೆ ನಾನು ಅತ್ತೆಗೆ ಬೇರೆಯಾಗಿ ಫೋನ್ ಮಾಡಿ, ಇಲ್ಲಿಯ ಕ್ರಮವನ್ನೆಲ್ಲ ಬಿಡಿಸಿ ಹೇಳಿದೆ. ಅವರು ಕೇಳಿಸಿಕೊಂಡು, "ಅಯ್ಯೋ, ಮಗೂನ ನಾನೂ ಗೋಳು ಹುಯ್ಕೊಂಡೆನಲ್ಲ" ಅಂತ ನೊಂದುಕೊಂಡರು. ಮುಂದಿನ ಭಾನುವಾರದಿಂದ ಅವರು ಕೇಳಿದ್ದು ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು ಹೇಗೆ ಪಾಠ ಮಾಡ್ತಾರೆ ಅಂತ.

ಆ ಪ್ರಶ್ನೆಯೇ ಮನೆಯ ಗಾಳಿಯನ್ನು ತಿಳಿಗೊಳಿಸಿತು. ನಾವೂ ಅದನ್ನೇ ಹಿಡಿದುಕೊಂಡೆವು. ಫಲಿತಾಂಶದ ಮಾತು ಅವಳಾಗಿ ಎತ್ತಿದರೆ ಮಾತ್ರ. ಇಲ್ಲವಾದರೆ ಇವತ್ತಿನ ಪಾಠ, ಇವತ್ತಿನ ಊಟ. ಹನ್ನೆರಡನೇ ತರಗತಿಯ ಎರಡನೇ ಸೆಮಿಸ್ಟರಿನಲ್ಲಿ ಮಕ್ಕಳು ಓದು ಬಿಟ್ಟುಬಿಡುವ ರೋಗಕ್ಕೆ ಇಲ್ಲಿ ಸೀನಿಯರೈಟಿಸ್ ಅಂತ ಹೆಸರೇ ಇದೆ. ಯುಸಿ ಕೊಡುವ ಸೀಟಿಗೆ ಷರತ್ತು ಇರುತ್ತದೆ: ಆ ವರ್ಷದ ಸರಾಸರಿ 3.0ಕ್ಕಿಂತ ಕೆಳಗೆ ಇಳಿಯಬಾರದು, ಡಿ, ಎಫ್ ಬರಬಾರದು. ಕಾಲೇಜಿನ ಕೋರ್ಸು ಹೊಸದು, ವೇಗ ಜಾಸ್ತಿ. ಹಾಗಾಗಿ ಅವಳಿಗೆ ಕೈಚೆಲ್ಲಿ ಕೂರುವಷ್ಟು ಪುರುಸೊತ್ತೂ ಸಿಗಲಿಲ್ಲ, ಅದೊಂದು ಒಳ್ಳೆಯದೇ ಆಯಿತು.

ಮಾರ್ಚ್ ಬಂತು. ಮರ್ಸೆಡ್, ರಿವರ್‌ಸೈಡ್ ಮೊದಲು ಹೇಳಿದವು, ಎರಡೂ ಸಿಕ್ಕಿತು. ಒಂದಾದರೂ ಕೈಯಲ್ಲಿದೆ ಅನ್ನುವ ಧೈರ್ಯ ಎಷ್ಟು ದೊಡ್ಡದು ಅನ್ನುವುದು ಆವತ್ತು ಗೊತ್ತಾಯಿತು, ಮನೆಯಲ್ಲಿ ಕೇಸರಿಬಾತ್ ಆಯಿತು. ಯುಸಿಗೆ ಸೇರದ ಸ್ಯಾನ್ ಹೋಸೆ ಸ್ಟೇಟ್ ಯೂನಿವರ್ಸಿಟಿ ಕೂಡ ಬಂತು. ಅರ್ವೈನ್ ವೇಟ್‌ಲಿಸ್ಟ್. ಸ್ಯಾನ್ ಡಿಯಾಗೊ ಇಲ್ಲ. ಡೇವಿಸ್‌ನದು ಬಂದಾಗ ಅವಳು ನಮ್ಮನ್ನು ಕರೆಯದೆ ಒಬ್ಬಳೇ ತೆರೆದಿದ್ದಳು. ಕೋಣೆಯಿಂದ ಕಿರುಚಿದ್ದು ಕೇಳಿ ಒಲೆ ಆರಿಸಿ ಓಡಿದೆ. ಪರದೆಯ ಮೇಲೆ ಅಭಿನಂದನೆ, ಕೆಳಗೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಅಂತ ಅವಳು ಕೇಳಿದ ವಿಭಾಗವೇ.

ಯುಸಿಎಲ್‌ಎ (ಲಾಸ್ ಏಂಜಲೀಸ್ ಕ್ಯಾಂಪಸ್) ಇಲ್ಲ ಅಂದಿತು. ಆ ವರ್ಷ ಅಲ್ಲಿಗೆ 1,46,000ಕ್ಕೂ ಹೆಚ್ಚು ಮಕ್ಕಳು ಅರ್ಜಿ ಹಾಕಿದ್ದರು, ನೂರರಲ್ಲಿ ಸುಮಾರು ಒಂಬತ್ತು ಜನರಿಗೆ ಸಿಕ್ಕಿತು. ತಿಂಗಳ ಕೊನೆಗೆ ಬರ್ಕ್ಲಿ, ಅದೂ ಇಲ್ಲ. ಬರ್ಕ್ಲಿ ಅವಳ ಆಸೆಯಾಗಿತ್ತು. ಆ ರಾತ್ರಿ ಅವಳು ನನ್ನನ್ನು ಕೇಳಿದಳು, "ಅಮ್ಮಾ, ಆ ಲೆಟರ್ ಕಳಿಸದೇ ಇದ್ದಿದ್ರೆ ಸಿಗ್ತಿತ್ತಾ?"

ಗೊತ್ತಿಲ್ಲ ಅಂದೆ. ಅದು ನಿಜವಾದ ಉತ್ತರ. ಸಿಗುತ್ತಿರಲಿಲ್ಲ ಅಂತ ಹೇಳಿ ಅವಳನ್ನು ಸಮಾಧಾನ ಮಾಡಬಹುದಿತ್ತು, ಆದರೆ ಅದನ್ನು ಹೇಳಲು ನನ್ನ ಹತ್ತಿರ ಆಧಾರ ಇರಲಿಲ್ಲ. ನನಗೆ ಗೊತ್ತಿದ್ದಷ್ಟು ಹೇಳಿದೆ: ಡೇವಿಸ್‌ನವರಿಗೂ ಅದೇ ಲೆಟರ್ ಹೋಗಿತ್ತು, ಅವರು ಓದಿಯೇ ಎಂಜಿನಿಯರಿಂಗ್ ಕೊಟ್ಟಿದ್ದಾರೆ. ಫಿಸಿಕ್ಸ್ ಅರ್ಧಕ್ಕೆ ನಿಂತದ್ದು ಗೊತ್ತಿದ್ದೂ ನೀನು ಬೇಕು ಅಂದಿದ್ದಾರೆ. ಅವಳು ಗೋಡೆ ಕಡೆ ತಿರುಗಿ ಸ್ವಲ್ಪ ಹೊತ್ತು ಅತ್ತಳು. ನಾನು ಬೆನ್ನು ಸವರುತ್ತಾ ಅಲ್ಲೇ ಮಲಗಿದೆ.

ಒಪ್ಪಿಗೆ ತಿಳಿಸಲು ಎಂದಿನ ಗಡುವು ಮೇ 1. ಆ ವರ್ಷ ಕೇಂದ್ರ ಸರ್ಕಾರದ ಹಣಕಾಸು ನೆರವಿನ ಅರ್ಜಿ, ಎಫ್‌ಎಎಫ್‌ಎಸ್‌ಎ, ಹೊಸ ರೂಪದಲ್ಲಿ ಬಂದು ತಿಂಗಳುಗಟ್ಟಲೆ ತಡವಾಗಿದ್ದರಿಂದ ಯುಸಿ ಮೇ 15ರ ತನಕ ಸಮಯ ಕೊಟ್ಟಿತ್ತು. ನಮಗೆ ಅಷ್ಟು ದಿನ ಬೇಕಾಗಲಿಲ್ಲ. ಏಪ್ರಿಲ್‌ನಲ್ಲಿ ಒಂದು ಶನಿವಾರ ಫ್ರೀಮಾಂಟ್‌ನಿಂದ ಕ್ಯಾಪಿಟಲ್ ಕಾರಿಡಾರ್ ರೈಲು ಹತ್ತಿ ಡೇವಿಸ್‌ಗೆ ಹೋಗಿ ಬಂದೆವು. ಸ್ಟೇಷನ್ನಿನಿಂದ ಕ್ಯಾಂಪಸ್ಸಿಗೆ ನಡೆದುಕೊಂಡೇ ಹೋಗಬಹುದು. ಎಲ್ಲಿ ನೋಡಿದರೂ ಸೈಕಲ್, ಸೈಕಲ್‌ಗಳಿಗೇ ರಸ್ತೆ ವೃತ್ತಗಳು. ಬೇಸಾಯದ ಶಾಲೆಯಾಗಿ ಶುರುವಾದ ಜಾಗ ಅದು, ಕ್ಯಾಂಪಸ್ಸಿನಲ್ಲೇ ಹಸುಗಳ ಕೊಟ್ಟಿಗೆ ಇದೆ. ವಾಸನೆ ಬಂದ ಕಡೆ ಮಗಳು ಮೂಗು ಮುಚ್ಚಿಕೊಂಡಳು, ನನಗೆ ಹಾಯೆನಿಸಿತು. ವಾಪಸ್ ರೈಲಿನಲ್ಲಿ ಫೋನಿನಲ್ಲೇ ಒಪ್ಪಿಗೆ ಒತ್ತಿದಳು. ಅರ್ವೈನ್ ವೇಟ್‌ಲಿಸ್ಟಿಗೆ ಒಪ್ಪಿಗೆ ಕೊಡಲಿಲ್ಲ, ಇನ್ನು ಕಾಯುವುದು ಬೇಡ ಅಂದಳು.

ಜೂನ್‌ನಲ್ಲಿ ಶಾಲೆ ಮುಗಿದ ಮೇಲೆ ಒಂದು ಕೆಲಸ ಇತ್ತು. ಇದನ್ನು ಬಹಳ ಮನೆಗಳಲ್ಲಿ ಮರೆಯುತ್ತಾರೆ. ಹೈಸ್ಕೂಲಿನ ಟ್ರಾನ್ಸ್‌ಕ್ರಿಪ್ಟ್ ಒಂದೇ ಸಾಲದು, ಕಮ್ಯುನಿಟಿ ಕಾಲೇಜಿನಲ್ಲಿ ಒಂದೇ ಒಂದು ಕೋರ್ಸ್ ಓದಿದ್ದರೂ ಆ ಕಾಲೇಜಿನಿಂದ ಬೇರೆ ಟ್ರಾನ್ಸ್‌ಕ್ರಿಪ್ಟ್ ನೇರವಾಗಿ ಹೋಗಬೇಕು. ಎರಡಕ್ಕೂ ಅದೇ ಜುಲೈ 1. ಎಪಿ ಅಂಕಗಳಿಗೆ ಜುಲೈ 15. ಅವಳು ಓಲೋನಿಯ ಗ್ರೇಡ್ ಬಂದ ದಿನವೇ ಕೋರಿಕೆ ಹಾಕಿದಳು. ಡೇವಿಸ್ ಪೋರ್ಟಲಿನ ಪಟ್ಟಿಯಲ್ಲಿ ಒಂದೊಂದಕ್ಕೂ ಸ್ವೀಕರಿಸಲಾಗಿದೆ ಅಂತ ಗುರುತು ಬಿತ್ತು. ಯಾರೂ ಫೋನ್ ಮಾಡಿ ಫಿಸಿಕ್ಸ್ ಎಲ್ಲಿ ಅಂತ ಕೇಳಲಿಲ್ಲ, ಆ ಪ್ರಶ್ನೆಗೆ ಉತ್ತರ ಜನವರಿಯಿಂದಲೂ ಅವರ ಫೈಲಿನಲ್ಲೇ ಇತ್ತಲ್ಲ.

ಸೆಪ್ಟೆಂಬರ್ ಕೊನೆಗೆ ಅವಳನ್ನು ಬಿಟ್ಟು ಬಂದೆವು. ಮುಂದಿನ ಜನವರಿಯಲ್ಲಿ ಅದೇ ವಾಟ್ಸಾಪ್ ಗುಂಪಿನ ಒಬ್ಬ ಗೆಳತಿ ಫೋನ್ ಮಾಡಿದರು. ಅವರ ಮಗನಿಗೆ ಬೆನ್ನು ನೋವು, ಡಾಕ್ಟರು ವಿಶ್ರಾಂತಿ ಹೇಳಿದ್ದಾರೆ, ಒಂದು ಎಪಿ ವಿಷಯ ಬಿಡಬೇಕಾಗಿದೆ. "ನಿಮ್ಮ ಮಗಳು ಬರ್ದಿದ್ ಲೆಟರ್ ಇದ್ರೆ ಕಳಿಸ್ತೀರಾ? ಹೆಸರು ಬದಲಾಯಿಸಿ ಹಾಕ್ಬಿಡ್ತೀವಿ" ಅಂದರು. ಮಗಳನ್ನು ಕೇಳಿದೆ. ಅವಳು ಲೆಟರ್ ಕಳಿಸಲಿಲ್ಲ. ಹುಡುಗನ ನಂಬರ್ ತೆಗೆದುಕೊಂಡು, ಮೊದಲು ನೀನೇ ಬರಿ, ಆಮೇಲೆ ನೋಡ್ತೀನಿ ಅಂತ ಮೆಸೇಜ್ ಮಾಡಿದಳು. ಅವನು ಬರೆದದ್ದು ಎರಡು ಪುಟ ಇತ್ತಂತೆ. ಇಬ್ಬರೂ ವಿಡಿಯೋ ಕಾಲ್‌ನಲ್ಲಿ ಕೂತು ಐದು ಸಾಲಿಗೆ ಇಳಿಸಿದರು, ಆ ಸಂಜೆಯೇ ಅವನು ಕಳಿಸಿದ.